ಎದ್ದರೆ ಎದ್ದಿತು

ನಿದ್ರೆ ಮಾಡುವವರನ್ನು ಎಬ್ಬಿಸಬಹುದು, ನಿದ್ರೆಯ ನಟನೆ ಮಾಡುವವರನ್ನು ಎಬ್ಬಿಸಲಾಗದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇವೆರಡಕ್ಕೂ ಸೇರದ ಮೂರನೆಯ ಜಾತಿಯೊಂದಿದೆ ಎಂಬುದು ಅವರ ಕಾಲಕ್ಕೆ ತಿಳಿದಿರಲಿಕ್ಕಿಲ್ಲ. ಒಂದು ದಿನ ಮುಟ್ಟಿದೊಡನೆ ಏಳುವುದು, ಮರುದಿನ ಎಷ್ಟು ತಟ್ಟಿದರೂ ಏಳದಿರುವುದು, ಮೂರನೆಯ ದಿನ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಎದ್ದು ಕೂಡುವುದು. ಇದು ಆ ಜಾತಿಯ ಲಕ್ಷಣ. ನಮ್ಮ ಶಾಲೆಯ ಲ್ಯಾಪ್‌ಟಾಪು ಈ ಜಾತಿಗೆ ಸೇರಿದ್ದು.

ಪೂರ್ತಿ ಕೆಟ್ಟ ವಸ್ತುವಿನಿಂದ ಮನುಷ್ಯನಿಗೆ ಒಂದು ಬಗೆಯ ನೆಮ್ಮದಿಯಿದೆ. ನಿಂತುಹೋದ ಗಡಿಯಾರವನ್ನು ಗೋಡೆಯಿಂದ ಇಳಿಸಿ ರಿಪೇರಿಗೆ ಕೊಟ್ಟು ಬರಬಹುದು; ಸುಟ್ಟುಹೋದ ಬಲ್ಬನ್ನು ಕಳಚಿ ಬೇರೆಯದನ್ನು ಹಾಕಬಹುದು. ಆದರೆ ಒಮ್ಮೆ ನಡೆದು ಒಮ್ಮೆ ನಿಲ್ಲುವ ವಸ್ತುವಿದೆಯಲ್ಲ, ಅದನ್ನು ಎಸೆಯಲೂ ಆಗದು, ನೆಚ್ಚಲೂ ಆಗದು. ಕೆಟ್ಟಿದೆಯೆಂದು ನಾಲ್ಕು ಜನರಿಗೆ ತೋರಿಸಹೊರಟರೆ ಸರಿಯಾಗಿ ನಡೆಯುತ್ತದೆ. ಸರಿಯಿದೆಯೆಂದು ನಂಬಿ ಕುಳಿತರೆ ಕೈಕೊಡುತ್ತದೆ. ನಂಬಿಕೆ ಅಪನಂಬಿಕೆಗಳ ನಡುವೆ ಹೀಗೆ ತೂಗಾಡುವ ಮನುಷ್ಯ ಎಷ್ಟು ಬೇಗ ಅವಿವೇಕಿಯಾಗುತ್ತಾನೆ ಎಂಬುದನ್ನು ಕಳೆದ ಮಳೆಗಾಲದಲ್ಲಿ ನಾವು ನಮ್ಮಲ್ಲಿಯೇ ಕಂಡೆವು. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಬರಹ.

ಶಾಲೆಗೆ ಈ ಯಂತ್ರ ಬಂದದ್ದು ಹಳೆಯ ವಿದ್ಯಾರ್ಥಿಯೊಬ್ಬರ ಔದಾರ್ಯದಿಂದ. ಅವರ ಕೈಯಲ್ಲಿ ಆಗಲೇ ಕೆಲವು ವರ್ಷ ದುಡಿದು ಬಂದಿತ್ತಾದರೂ ನಮ್ಮ ಪಾಲಿಗೆ ಅದು ಹೊಸದೇ. ಮುಂಬಯಿಯಂತಹ ಮಹಾನಗರದಲ್ಲಿ ಏನು ಬೇಕಾದರೂ ಸಿಕ್ಕೀತು. ಆದರೆ ಕನ್ನಡದಲ್ಲಿ ನಾಲ್ಕು ಪುಟ ಬೆರಳಚ್ಚು ಮಾಡಿಕೊಡುವವರು ನಮ್ಮ ಉಪನಗರದಲ್ಲಿ ಸಿಕ್ಕುವುದಿಲ್ಲ. ಪ್ರಶ್ನಪತ್ರಿಕೆ, ಪೋಷಕರಿಗೆ ಪತ್ರ, ಹತ್ತನೆಯ ತರಗತಿಯ ಅಂಕಪಟ್ಟಿ, ಈ ವಾರ್ಷಿಕ ಸಂಚಿಕೆಗೆ ಮಕ್ಕಳು ಬರೆದ ಲೇಖನಗಳು, ಎಲ್ಲವೂ ಆ ಒಂದೇ ಪೆಟ್ಟಿಗೆಯ ಹೊಟ್ಟೆಯೊಳಗೆ. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ಇಲ್ಲವೆಂಬುದು ನೆನಪಾಗಿದ್ದು, ಅದು ಮೊದಲ ಸಲ ಏಳದಿದ್ದ ದಿನ.

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಮಳೆ. ಅಧ್ಯಾಪಕರ ಕೋಣೆಯ ನಮ್ಮ ಮೇಜಿನ ಮೇಲೆ ಯಂತ್ರವನ್ನಿಟ್ಟು ಗುಂಡಿಯನ್ನೊತ್ತಿದೆವು. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ, ಪರದೆಯ ಮೇಲೆ ಬೆಳಕಿಲ್ಲ. ನಾವು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದವರು. ಯಂತ್ರ ಇಂಗ್ಲಿಷಿನಲ್ಲಿ ನಾಲ್ಕು ಮಾತು ಬೈದಿದ್ದರೂ ನಿಘಂಟು ತೆಗೆದು ಅರ್ಥಮಾಡಿಕೊಳ್ಳುತ್ತಿದ್ದೆವು. ಇದು ಮೌನ. ಮೌನಕ್ಕೆ ನಿಘಂಟು ಎಲ್ಲಿದೆ? ಚಾರ್ಜರನ್ನು ಕಿತ್ತು ಮತ್ತೆ ಚುಚ್ಚಿದೆವು. ಯಂತ್ರವನ್ನು ಎತ್ತಿ ಮಗ್ಗುಲಾಗಿಸಿ ಇಳಿಸಿದೆವು. ಮೂರನೆಯ ಸಲ ಗುಂಡಿಯೊತ್ತಿದಾಗ ಎದ್ದಿತು.

ಅಂದಿನಿಂದ ಮೂರು ಎಂಬ ಸಂಖ್ಯೆಯಲ್ಲಿ ನಮಗೆ ಭಕ್ತಿ ಹುಟ್ಟಿತು. ಮೂರು ಸಲ ಒತ್ತಿದರೆ ಏಳುತ್ತದೆ ಎಂದು ಸಹೋದ್ಯೋಗಿಗಳಿಗೆ ಉಪದೇಶಿಸಿದೆವು. ಅವರೂ ಸುಮ್ಮನಿರಲಿಲ್ಲ. ಮಳೆಗಾಲದ ತೇವಕ್ಕೆ ಹೀಗಾಗಿದೆ, ಅಕ್ಕಿಯ ಡಬ್ಬದಲ್ಲಿ ಒಂದು ರಾತ್ರಿ ಇಡಿ ಎಂದರು ಗಣಿತದ ಟೀಚರ್. ವೈರಸ್ ಹೊಕ್ಕಿದೆ, ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿಸಿ ಎಂದರು ಇನ್ನೊಬ್ಬರು. ಈಗ ಯೋಚಿಸಿದರೆ ನಗು ಬರುತ್ತದೆ. ವೈರಸ್ಸಾಗಲಿ ವಿಂಡೋಸಾಗಲಿ ಇರುವುದು ಡಿಸ್ಕಿನ ಮೇಲೆ. ಯಂತ್ರಕ್ಕೆ ವಿದ್ಯುತ್ತು ಬಂದು, ದೀಪ ಹತ್ತಿ, ತನ್ನ ಅಂಗಾಂಗಗಳನ್ನು ತಾನೇ ತಡವಿ ನೋಡಿಕೊಂಡ ಮೇಲಷ್ಟೆ ಅದು ಡಿಸ್ಕನ್ನು ಓದತೊಡಗುವುದು. ದೀಪವೇ ಹತ್ತದ ಯಂತ್ರಕ್ಕೆ ವೈರಸ್ಸಿನ ಔಷಧ ಕೊಡುವುದೆಂದರೆ, ಬಾಗಿಲೇ ತೆರೆಯದ ಮನೆಯಲ್ಲಿ ಅಡಿಗೆಯ ರುಚಿ ಸರಿಯಿಲ್ಲವೆಂದು ದೂರಿದಂತೆ.

ಮನೆಯ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆವು. ಅಂಗಡಿಯ ತರುಣ ತನ್ನ ಚಾರ್ಜರನ್ನು ಚುಚ್ಚಿ ಗುಂಡಿಯೊತ್ತಿದ. ವೈದ್ಯರ ಮುಖ ಕಂಡೊಡನೆ ಇಳಿಯುವ ಮಕ್ಕಳ ಜ್ವರದಂತೆ ನಮ್ಮ ಯಂತ್ರ ತಟ್ಟನೆ ಎದ್ದಿತು. “ಏನೂ ಆಗಿಲ್ಲವಲ್ಲ?” ಎಂದ. ನಾವು ನಾಚಿ ಹಿಂದಿರುಗಿದೆವು. ವಾರ ಕಳೆದು ಮತ್ತೆ ಹೋದಾಗ ನಮ್ಮ ಚಾರ್ಜರನ್ನೇ ಒಯ್ದಿದ್ದೆವು. ಈ ಸಲ ಏಳಲಿಲ್ಲ. ಚಾರ್ಜರಿನ ಡಬ್ಬಿಯ ಮೇಲೆ ಹಸಿರು ದೀಪ ಉರಿಯುತ್ತಿತ್ತಾದ್ದರಿಂದ ಅದನ್ನು ಯಾರೂ ಶಂಕಿಸಲಿಲ್ಲ. ಆತ ತಲೆಯಾಡಿಸಿ, “ಮದರ್‌ಬೋರ್ಡ್ ಹೋಗಿದೆ, ಎಂಟು ಸಾವಿರ ಆಗುತ್ತದೆ” ಎಂದ. ಎಂಟು ಸಾವಿರ ರೂಪಾಯಿ ನಮ್ಮ ಶಾಲೆಗೆ ಸಣ್ಣ ಮೊತ್ತವಲ್ಲ. ಯೋಚಿಸಿ ಹೇಳುತ್ತೇವೆಂದು ಹೊರಬಿದ್ದೆವು. ಸತ್ಯವು ಎರಡು ಸಲವೂ ಆ ಮೇಜಿನ ಮೇಲೆಯೇ ಇತ್ತು. ಅವನ ಚಾರ್ಜರಿನಲ್ಲಿ ಎದ್ದಿತು, ನಮ್ಮದರಲ್ಲಿ ಏಳಲಿಲ್ಲ. ಆದರೆ ನಡುವೆ ಒಂದು ವಾರ ಕಳೆದಿತ್ತು. ನಾವು ಎರಡನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಲಿಲ್ಲ.

ಕಾರಣ ಸಿಕ್ಕದಾಗ ಮನುಷ್ಯ ಅಪರಾಧಿಯನ್ನು ಹುಡುಕುತ್ತಾನೆ. ನಾವೂ ಹುಡುಕಿದೆವು. ಅಪರಾಧಿ ಬೇಗ ಸಿಕ್ಕಿದ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಹೆಸರು ಬರೆಯಬಾರದೆಂದು ಅವನೇ ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಕಲಬುರ್ಗಿಯ ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿರುವ ತಂದೆತಾಯಿಯರ ಮಗ. ಯಂತ್ರವೆಂದರೆ ಅವನಿಗೆ ಪ್ರಾಣ. ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಿಂತು ಕನ್ನಡ ಬೆರಳಚ್ಚು ಕಲಿಯುತ್ತಿದ್ದ. ಮೂರನೆಯ ಮಹಡಿಯ ತರಗತಿಗೆ ಲ್ಯಾಪ್‌ಟಾಪನ್ನು ಒಯ್ಯುವ, ಪಾಠ ಮುಗಿದ ಮೇಲೆ ತಂದು ನಮ್ಮ ಮೇಜಿನ ಮೇಲಿಡುವ ಹೊಣೆ ಅವನದು. ಯಂತ್ರ ಏಳದಿದ್ದ ದಿನಗಳನ್ನು ನೆನಪು ಮಾಡಿಕೊಂಡೆವು. ಪ್ರತಿ ಸಲವೂ ಅವನು ತಂದಿಟ್ಟ ಮೇಲೆಯೇ ಏಳದಿದ್ದುದು! ಅದರ ಮೇಲೆ ಶಾಲೆಯ ಸಿಪಾಯಿ ಒಂದು ಮಾತು ಹೇಳಿದ: ಒಂದು ದಿನ ಒದ್ದೆ ಮೆಟ್ಟಿಲ ಮೇಲೆ ಹುಡುಗ ಜಾರಿದ್ದನಂತೆ. ಇನ್ನೇನು ಬೇಕು? ತರಗತಿಯಲ್ಲಿ ಎಲ್ಲರ ಎದುರಿಗೆ ಕೇಳಿದೆವು: “ಏನಪ್ಪ, ಬೀಳಿಸಿದೆಯಾ?”

“ಇಲ್ರಿ ಸರ” ಎಂದ.

ನಾವು ಮತ್ತೇನೂ ಹೇಳಲಿಲ್ಲ. ಗದರಲಿಲ್ಲ, ಶಿಕ್ಷಿಸಲಿಲ್ಲ, ಆದ್ದರಿಂದ ನ್ಯಾಯವಾಗಿಯೇ ನಡೆದುಕೊಂಡೆವೆಂದು ಭಾವಿಸಿದೆವು. ಮರುದಿನದಿಂದ ಯಂತ್ರವನ್ನು ಒಯ್ಯುವ ಕೆಲಸವನ್ನು ಬೇರೆ ಹುಡುಗನಿಗೆ ವಹಿಸಿದೆವು, ಅಷ್ಟೆ. ತೀರ್ಪು ಕೊಡುವುದಕ್ಕೆ ಮಾತೇ ಬೇಕೆಂದಿಲ್ಲ. ಆ ಹುಡುಗ ಸಂಜೆಯ ಬೆರಳಚ್ಚಿಗೆ ಬರುವುದನ್ನು ಬಿಟ್ಟ. ಸಂಚಿಕೆಗೆಂದು ಅವನು ಅರ್ಧ ಬರೆದಿಟ್ಟಿದ್ದ ಲೇಖನ ಯಂತ್ರದಲ್ಲಿ ಅರ್ಧವಾಗಿಯೇ ಉಳಿಯಿತು.

ಇಷ್ಟಾಗಿ ಯಂತ್ರವೇನೂ ಸರಿಹೋಗಲಿಲ್ಲ. ಒಂದು ಶನಿವಾರ ಲೋಕಲ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಆ ರಸ್ತೆಗೆ ಈಗ ಡಾಕ್ಟರ್ ದಾದಾಸಾಹೇಬ್ ಭಡಕಮಕರ್ ಮಾರ್ಗವೆಂಬ ಹೆಸರಿದ್ದರೂ ಮುಂಬಯಿಯ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ತಂತಿ, ಗುಂಡಿ, ಗಣಕದ ಬಿಡಿಭಾಗ, ಏನು ಬೇಕಾದರೂ ಅಲ್ಲಿಯ ಸಾಲು ಸಾಲು ಅಂಗಡಿಗಳಲ್ಲಿ ದೊರೆಯುತ್ತದೆ. ಅಲ್ಲಿ ಒಂದು ಗಲ್ಲಿಯೊಳಗೆ, ಒಬ್ಬರು ಮಾತ್ರ ಕೂಡಬಹುದಾದಷ್ಟು ಇರುಕಿನ ಜಾಗದಲ್ಲಿ ಕುಳಿತಿದ್ದ ವೃದ್ಧ ಕುಶಲಿಯೊಬ್ಬರು ನಮ್ಮ ಕಥೆಯನ್ನೆಲ್ಲ ಕೇಳಿದರು. ಯಂತ್ರವನ್ನು ಮಾತ್ರ ಬಿಚ್ಚಲಿಲ್ಲ. ಬದಲಿಗೆ ಪ್ರಶ್ನೆ ಕೇಳತೊಡಗಿದರು.

ಏಳದಿದ್ದಾಗ ಯಂತ್ರದ ಮೇಲಿನ ದೀಪ ಹತ್ತುತ್ತದೆಯೋ? ಫ್ಯಾನು ತಿರುಗುವ ಸದ್ದು ಕೇಳುತ್ತದೆಯೋ? ಬೆಳಿಗ್ಗೆಯೋ ಮಧ್ಯಾಹ್ನವೋ? ಮನೆಯಲ್ಲಿಯೋ ಶಾಲೆಯಲ್ಲಿಯೋ? ದೀಪ ಹತ್ತಿ, ಫ್ಯಾನು ತಿರುಗಿ, ಪರದೆ ಮಾತ್ರ ಕಪ್ಪಾಗಿದ್ದರೆ ಅದು ಬೇರೆಯ ರೋಗವಂತೆ. ಆಗ ನೆನಪಿನ ಪಟ್ಟಿ ಎಂದರೆ ರ‍್ಯಾಮು ಸಡಿಲವಾಗಿರಬಹುದು, ಪರದೆಯ ಕೇಬಲ್ಲು ಕೆಟ್ಟಿರಬಹುದು. ಹೊರಗಿನ ಮಾನಿಟರೊಂದನ್ನು ಜೋಡಿಸಿ ನೋಡಬೇಕು. ಏನೂ ಹತ್ತದೆ, ಏನೂ ತಿರುಗದೆ ಇದ್ದರೆ ವಿದ್ಯುತ್ತು ಬರುವ ದಾರಿಯನ್ನು ಮೊದಲು ನೋಡಬೇಕು. ನಾವು ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರಿಸಲಾರದೆ ಹೋದೆವು. ಮೂರು ವಾರ ಆ ಯಂತ್ರದೊಡನೆ ಹೆಣಗಿದ್ದೆವು, ಆದರೆ ಅದನ್ನು ನೋಡಿರಲಿಲ್ಲ.

ಅವರು ಆ ದಾರಿಯನ್ನು ಕಾಗದದ ಮೇಲೆ ಬರೆದು ತೋರಿಸಿದರು. ಗೋಡೆಯಿಂದ ಬರುವುದು 230 ವೋಲ್ಟಿನ ವಿದ್ಯುತ್ತು. ಚಾರ್ಜರ್ ಎಂದು ನಾವು ಕರೆಯುವ ಅಡಾಪ್ಟರು ಅದನ್ನು ಸುಮಾರು 19 ವೋಲ್ಟಿಗೆ ಇಳಿಸಿ, ದಿಕ್ಕು ಬದಲಿಸದ ನೇರ ವಿದ್ಯುತ್ತಾಗಿ ಮಾಡಿ, ಸಣ್ಣ ತಂತಿಯಲ್ಲಿ ಯಂತ್ರದ ಮಗ್ಗುಲಿನ ತೂತಿಗೆ ಒಯ್ಯುತ್ತದೆ. ಅಲ್ಲಿಂದ ಒಂದು ಪಾಲು ಯಂತ್ರಕ್ಕೆ, ಒಂದು ಪಾಲು ಬ್ಯಾಟರಿಗೆ. ಇನ್ನು ಆ ಗುಂಡಿ. ಟ್ಯೂಬ್‌ಲೈಟಿನ ಸ್ವಿಚ್ಚು ಒತ್ತಿದರೆ ವಿದ್ಯುತ್ತಿಗೆ ತಾನೇ ದಾರಿ ಬಿಡುತ್ತದೆ. ಲ್ಯಾಪ್‌ಟಾಪಿನ ಗುಂಡಿ ಹಾಗಲ್ಲ. ಅದು ಒಳಗಿರುವ ಒಂದು ಸಣ್ಣ ನಿಯಂತ್ರಕಕ್ಕೆ ‘ಎಬ್ಬಿಸು’ ಎಂದು ಹೇಳಿ ಕಳುಹಿಸುತ್ತದೆ, ಅಷ್ಟೆ. ಯಂತ್ರವೆಲ್ಲ ಮಲಗಿದ್ದಾಗಲೂ ಎಚ್ಚರವಿರುವ ಕಾವಲುಗಾರ ಆ ನಿಯಂತ್ರಕ. ಅದು ವಿದ್ಯುತ್ತು ಬರುತ್ತಿದೆಯೇ ಎಂದು ನೋಡಿ ಒಂದೊಂದೇ ಭಾಗಕ್ಕೆ ಕ್ರಮವಾಗಿ ಬಾಗಿಲು ತೆರೆಯುತ್ತದೆ. ಕೆಲವೊಮ್ಮೆ ಆ ಕಾವಲುಗಾರನೇ ಮಂಕಾಗುವುದುಂಟು. ಆಗ ಚಾರ್ಜರನ್ನು ಕಿತ್ತು, ಬ್ಯಾಟರಿ ತೆಗೆಯುವಂತಿದ್ದರೆ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಬಸಿದುಹೋಗಿ ಅದು ಹೊಸದಾಗಿ ಎಚ್ಚರಗೊಳ್ಳುತ್ತದೆ. ಬಿಡಿಕಾಸು ಖರ್ಚಿಲ್ಲದ ಚಿಕಿತ್ಸೆ. ನಮ್ಮ ಯಂತ್ರಕ್ಕೆ ಅದರಿಂದ ಗುಣ ಕಾಣಲಿಲ್ಲ.

ಕೊನೆಗೆ ಅವರು ಹೇಳಿದ್ದು ಮೂರು ಮಾತು. ಮೊದಲನೆಯದು, ಇಂದು ಎದ್ದಿದೆಯಾದ್ದರಿಂದ ಇಂದೇ ಒಳಗಿರುವುದೆಲ್ಲದರ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ, ರಿಪೇರಿ ಆಮೇಲೆ. ಎರಡನೆಯದು, ಏಳದಿದ್ದಾಗ ಗಾಬರಿಯಿಂದ ಹತ್ತು ಕೆಲಸ ಮಾಡಬೇಡಿ. ಒಂದೇ ಒಂದನ್ನು ಬದಲಿಸಿ ನೋಡಿ. ಹತ್ತು ಮಾಡಿದಾಗ ಎದ್ದರೆ ಯಾವುದರಿಂದ ಎದ್ದಿತೆಂದು ಯಾರು ಹೇಳಬೇಕು? ಮೂರನೆಯದು, ಬರೆದಿಡಿ. “ಮಾಸ್ಟರ್‌ಜೀ, ನನ್ನ ಮುಂದೆ ಕೆಡದ ಯಂತ್ರವನ್ನು ನಾನು ಹೇಗೆ ರಿಪೇರಿ ಮಾಡಲಿ? ಅದು ಕೆಡುವಾಗ ನೀವು ಅಲ್ಲಿರುತ್ತೀರಿ. ನೀವೇ ನನ್ನ ಕಣ್ಣು.” ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಬರೆದಿಡುವುದು ಈ ವಿದ್ಯೆಯಲ್ಲಿ ಹಳೆಯ ಸಂಪ್ರದಾಯ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಎಂಬ ಗಣಕ ತಪ್ಪು ಮಾಡುತ್ತಿರಲು ಅದನ್ನು ನಡೆಸುತ್ತಿದ್ದವರು ಹುಡುಕುತ್ತ ಹೋಗಿ, ರಿಲೇ ಎಂಬ ಭಾಗದಲ್ಲಿ ಸಿಕ್ಕಿಬಿದ್ದಿದ್ದ ಪತಂಗವೊಂದನ್ನು ಕಂಡರು. ಅದನ್ನು ಎಸೆಯದೆ ದಿನಚರಿಯ ಪುಸ್ತಕಕ್ಕೆ ಅಂಟಿಸಿ, ಹೊತ್ತು ಬರೆದು, ಕೆಳಗೊಂದು ಷರಾ ಹಾಕಿದರು. ಆ ಪುಟ ಇಂದಿಗೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಯಂತ್ರ ಹೋಯಿತು, ದಿನಚರಿ ಉಳಿಯಿತು.

ನಾವೂ ನೂರು ಪುಟದ ನೋಟುಬುಕ್ಕೊಂದನ್ನು ಕೊಂಡು ಗೆರೆ ಎಳೆದೆವು. ದಿನಾಂಕ, ಹೊತ್ತು, ಸ್ಥಳ, ಅಡಾಪ್ಟರಿನ ದೀಪ, ಯಂತ್ರದ ದೀಪ, ಫ್ಯಾನಿನ ಸದ್ದು, ಫಲ. ಇವು ವೃದ್ಧರು ಹೇಳಿದ ಕಲಮುಗಳು. ಕೊನೆಯಲ್ಲಿ ನಾವಾಗಿಯೇ ಒಂದನ್ನು ಸೇರಿಸಿದೆವು: ‘ತಂದವರು’. ಅದನ್ನು ಏಕೆ ಸೇರಿಸಿದೆವೆಂದು ಓದುಗರು ಊಹಿಸಬಲ್ಲರು. ನಮ್ಮ ಮನಸ್ಸಿನಲ್ಲಿ ತನಿಖೆ ಇನ್ನೂ ನಡೆದಿತ್ತು. ತೀರ್ಪು ಮಾತ್ರ ಮೊದಲೇ ಆಗಿಹೋಗಿತ್ತು.

ನಾಲ್ಕು ವಾರ ಬರೆದೆವು. ಯಂತ್ರವನ್ನು 40 ಸಲ ಎಬ್ಬಿಸಿದ್ದೆವು. ಅದರಲ್ಲಿ 11 ಸಲ ಏಳಲಿಲ್ಲ. ಆ 11ರಲ್ಲಿ 10 ಅಧ್ಯಾಪಕರ ಕೋಣೆಯಲ್ಲಿ, ನಮ್ಮ ಮೇಜಿನ ಮೇಲೆ ಆದವು. ಆ ಹತ್ತೂ ಮಧ್ಯಾಹ್ನದವು. ಆ ಹತ್ತೂ ಯಂತ್ರ ತರಗತಿಗೆ ಹೋಗಿ ಬಂದ ದಿನಗಳವು. ತರಗತಿಗೆ ಹೋಗದ ದಿನ ಅದೇ ಮೇಜಿನ ಮೇಲೆ ಅದೇ ಮಧ್ಯಾಹ್ನ ತಪ್ಪದೆ ಏಳುತ್ತಿತ್ತು. ಉಳಿದ ಒಂದು ಸಲ ಮಾತ್ರ ಒಂದು ಭಾನುವಾರದ ಸಂಜೆ, ನಮ್ಮ ಮನೆಯಲ್ಲಿ. ಅದೊಂದು ಇಲ್ಲದಿದ್ದರೆ ಶಾಲೆಯ ಪ್ಲಗ್ಗೇ ಕೆಟ್ಟಿದೆಯೆಂದು ಷರಾ ಬರೆದು ಪುಸ್ತಕವನ್ನು ಮುಚ್ಚಿಬಿಡುತ್ತಿದ್ದೆವು.

ಇನ್ನು ಕೊನೆಯ ಕಲಮು. ‘ತಂದವರು’ ಎಂಬುದರ ಕೆಳಗೆ ಹತ್ತು ಸಾಲುಗಳಲ್ಲಿ ಹತ್ತರಲ್ಲಿಯೂ ಹೊಸ ಹುಡುಗನ ಹೆಸರಿತ್ತು. ಹಳೆಯ ಹುಡುಗ ಯಂತ್ರವನ್ನು ಮುಟ್ಟಿ ತಿಂಗಳಾಗಿತ್ತು. ಯಂತ್ರ ಮಾತ್ರ ಮೊದಲಿನಂತೆಯೇ ಏಳದೆ ಕುಳಿತಿತ್ತು. ಒಂದೇ ಒಂದನ್ನು ಬದಲಿಸಿ ನೋಡಿ ಎಂದು ವೃದ್ಧರು ಹೇಳಿದ್ದರಲ್ಲವೆ? ನಾವು ಅರಿಯದೆಯೇ ಒಂದನ್ನು ಬದಲಿಸಿದ್ದೆವು, ಹುಡುಗನನ್ನು. ಅದರ ಫಲ ನಮ್ಮ ಕೈಬರಹದಲ್ಲಿಯೇ ನಮ್ಮ ಎದುರಿಗಿತ್ತು. ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತೆವು. ಅಂಕಗಣಿತದಲ್ಲಿ ತಪ್ಪು ಮಾಡಿದರೆ ಅಳಿಸಬಹುದು.

ಮರುದಿನ ಸಂಜೆ ಹುಡುಗನನ್ನು ಕೋಣೆಗೆ ಕರೆದೆವು. ಬಂದು ಬಾಗಿಲ ಬಳಿ ನಿಂತ. ಈ ಸಲ ನಾವು ಬೇರೆಯ ಪ್ರಶ್ನೆ ಕೇಳಿದೆವು: “ನೀನು ಅಷ್ಟು ದಿನ ಈ ಯಂತ್ರದ ಜೊತೆಗಿದ್ದವನು. ನಿನಗೇನಾದರೂ ಕಂಡಿತ್ತೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ವೈರ್ ಅದರಿ ಸರ” ಎಂದ. ಹತ್ತಿರ ಬಂದು ಚಾರ್ಜರಿನ ತಂತಿಯನ್ನು ಪಿನ್ನಿನ ಬಳಿ ಎತ್ತಿ ಹಿಡಿದ. “ಹೀಂಗ್ ಸೀದಾ ಹಿಡದ್ರ ಬಾಜೂಕಿನ ಸಣ್ಣ ದೀಪ ಹತ್ತತದ್ರಿ. ಬಿಟ್ರ ಆರತದ್ರಿ.” ನಿಜ. ಬಗ್ಗಿ ನೋಡಿದೆವು. ಎತ್ತಿದರೆ ದೀಪ ಹತ್ತಿತು, ಬಿಟ್ಟರೆ ಆರಿತು.

“ಇದನ್ನು ಯಾವಾಗ ನೋಡಿದೆ?”

“ನೀವು ಕ್ಲಾಸಿನ್ಯಾಗ ಕೇಳೂದಕ್ಕಿಂತ ಮೊದ್ಲ ನೋಡಿದ್ನಿರಿ.”

“ಮತ್ತೆ ಹೇಳಲಿಲ್ಲವೇಕೆ?”

“ನೀವು ಬೀಳಿಸಿದೇನು ಅಂತ ಕೇಳಿದ್ರಿ ಸರ. ಏನ್ ನೋಡಿದಿ ಅಂತ ಕೇಳ್ಲಿಲ್ರಿ.”

ಹದಿನಾಲ್ಕು ವರ್ಷದ ಹುಡುಗ ದೂರುವ ದನಿಯಲ್ಲಿ ಈ ಮಾತನ್ನು ಹೇಳಲಿಲ್ಲ, ಇದ್ದುದನ್ನು ಹೇಳಿದ. ನಮಗೆ ತಲೆಯೆತ್ತುವುದು ಕಷ್ಟವಾಯಿತು. ಹನ್ನೆರಡು ವರ್ಷಗಳಿಂದ ಪ್ರಶ್ನೆ ಕೇಳುವುದೇ ನಮ್ಮ ಉದ್ಯೋಗ. ಸರಿಯಾದ ಪ್ರಶ್ನೆಯನ್ನು ಕೇಳಲು ನಮಗೆ ಲ್ಯಾಮಿಂಗ್ಟನ್ ರಸ್ತೆಯವರೆಗೆ ಹೋಗಿಬರಬೇಕಾಯಿತು.

ಆ ಮೇಲೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡವು. ಯಂತ್ರದ ತೂತು ಇರುವುದು ಬಲಮಗ್ಗುಲಿನಲ್ಲಿ. ಅಧ್ಯಾಪಕರ ಕೋಣೆಯ ಪ್ಲಗ್ಗು ನಮ್ಮ ಮೇಜಿನ ಎಡಕ್ಕೆ. ಆದ್ದರಿಂದ ತಂತಿಯು ಯಂತ್ರದ ಹಿಂದಿನಿಂದ ಸುತ್ತಿ ಬಂದು ಪಿನ್ನಿನ ಬಳಿ ಕತ್ತು ತಿರುಚಿಕೊಂಡು ನಿಲ್ಲುತ್ತಿತ್ತು. ಒಳಗಿನ ಸಣ್ಣ ಎಳೆಗಳು ಅಲ್ಲಿ ತುಂಡಾಗಿದ್ದವು. ಹೊರಗಿನ ರಬ್ಬರು ಮಾತ್ರ ಮಾನ ಕಾಪಾಡುತ್ತಿತ್ತು. ನೇರವಾಗಿದ್ದರೆ ಎಳೆಗಳು ಒಂದನ್ನೊಂದು ಮುಟ್ಟುತ್ತಿದ್ದವು, ಬಾಗಿದರೆ ಬಿಡುತ್ತಿದ್ದವು. ಅಡಾಪ್ಟರಿನ ಹಸಿರು ದೀಪವಿರುವುದು ಈ ತುಂಡಿಗಿಂತ ಹಿಂದೆ. ಅದು ತನ್ನವರೆಗೆ ವಿದ್ಯುತ್ತು ಬಂದಿದೆಯೆಂದಷ್ಟೆ ಸಾಕ್ಷಿ ಹೇಳಬಲ್ಲದು, ಮುಂದೆ ಹೋಯಿತೆಂದು ಹೇಳಲಾರದು. ಆ ಸಾಕ್ಷಿಯನ್ನು ನಾವು ಅಗತ್ಯಕ್ಕಿಂತ ಹೆಚ್ಚು ನಂಬಿದ್ದೆವು.

ಹಾಗಾದರೆ ಬೆಳಿಗ್ಗೆ ಅದೇ ಮೇಜಿನ ಮೇಲೆ ಹೇಗೆ ಏಳುತ್ತಿತ್ತು? ಇಲ್ಲಿದೆ ಎರಡನೆಯ ಕಾರಣ. ಮನೆಯಲ್ಲಿ ಪ್ಲಗ್ಗು ಬಲಕ್ಕಿದೆ. ರಾತ್ರಿ ಬ್ಯಾಟರಿ ತುಂಬುತ್ತಿತ್ತು. ಬೆಳಿಗ್ಗೆ ಯಂತ್ರ ಏಳುತ್ತಿದ್ದುದು ಬ್ಯಾಟರಿಯ ಬಲದಿಂದ, ಚಾರ್ಜರಿನಿಂದಲ್ಲ. ಶಾಲೆಯಲ್ಲಿ ಪರದೆ ತುಸು ಮಬ್ಬಾಗಿ ಕಾಣುವುದೆಂದು ನಮಗೆ ಅನಿಸುತ್ತಿತ್ತು. ಕಿಟಕಿಯ ಬೆಳಕಿನ ದೋಷವೆಂದುಕೊಂಡಿದ್ದೆವು. ಬ್ಯಾಟರಿಯ ಮೇಲೆ ನಡೆಯುವಾಗ ಯಂತ್ರ ತಾನಾಗಿಯೇ ಬೆಳಕನ್ನು ಇಳಿಸಿಕೊಳ್ಳುತ್ತದೆ. ಅದೂ ಒಂದು ಸುಳಿವು, ಕಣ್ಣೆದುರಿಗೇ ಇತ್ತು. ಇನ್ನು ತರಗತಿಯಲ್ಲಿ ಇರುವುದು ಒಂದೇ ಪ್ಲಗ್ಗು, ಅದು ಪ್ರೊಜೆಕ್ಟರಿಗೆ. ಅಲ್ಲಿಯೂ ಯಂತ್ರ ಬ್ಯಾಟರಿಯ ಮೇಲೆಯೇ ನಡೆದು, ಪಾಠ ಮುಗಿಯುವ ಹೊತ್ತಿಗೆ ಬರಿದಾಗುತ್ತಿತ್ತು. ಬರಿದಾದ ಯಂತ್ರವನ್ನು ಹುಡುಗ ತಂದು ನಮ್ಮ ಮೇಜಿನ ಮೇಲಿಡುತ್ತಿದ್ದ, ತಂತಿ ಕತ್ತು ತಿರುಚುತ್ತಿತ್ತು, ಯಂತ್ರ ಏಳುತ್ತಿರಲಿಲ್ಲ. ಭಾನುವಾರದ ಸಂಜೆಯ ಒಗಟೂ ಬಿಡಿಸಿಕೊಂಡಿತು. ಅಂದು ಮನೆಯಲ್ಲಿ ನಾವು ಎಂದಿನ ಜಾಗ ಬಿಟ್ಟು ಕಿಟಕಿಯ ಬಳಿ ಕುಳಿತಿದ್ದೆವು. ಪ್ಲಗ್ಗು ಎಡಕ್ಕೆ ಬಿದ್ದಿತ್ತು, ಬೆಳಗಿನ ಕೆಲಸದಲ್ಲಿಯೇ ಬ್ಯಾಟರಿ ತೀರಿತ್ತು.

ತಂತಿಯೊಂದೇ ಕೆಟ್ಟಿದ್ದು ಬ್ಯಾಟರಿ ಗಟ್ಟಿಯಾಗಿದ್ದರೆ ಇಷ್ಟು ಬೇಗ ತಿಳಿಯುತ್ತಿರಲಿಲ್ಲ. ಬ್ಯಾಟರಿಯೊಂದೇ ಸೋತಿದ್ದು ತಂತಿ ಸರಿಯಿದ್ದರೆ ಯಂತ್ರ ತಪ್ಪದೆ ಏಳುತ್ತಿತ್ತು. ಎರಡೂ ಒಂದೇ ಗಳಿಗೆಯಲ್ಲಿ ಕೂಡಿದಾಗ ಮಾತ್ರ ಏಳುತ್ತಿರಲಿಲ್ಲ. ಒಮ್ಮೆ ಏಳುವ ಒಮ್ಮೆ ಏಳದಿರುವ ಗುಟ್ಟು ಇದು. ‘ಆ ಹುಡುಗ ತಂದಾಗಲೇ ಏಳುವುದಿಲ್ಲ’ ಎಂದು ನಾವು ಗಮನಿಸಿದ್ದುದು ಸುಳ್ಳಲ್ಲ. ನೋಡಿದ್ದು ನಿಜ; ತೀರ್ಮಾನ ಸುಳ್ಳು. ಹೀಗಿರುವ ತಪ್ಪು ಬರಿಯ ಸುಳ್ಳಿಗಿಂತ ಅಪಾಯಕರ. ಅರ್ಧ ಸತ್ಯ ಅದಕ್ಕೆ ಊರುಗೋಲಾಗಿ ನಿಂತಿರುತ್ತದೆ.

ಲ್ಯಾಮಿಂಗ್ಟನ್ ರಸ್ತೆಯ ವೃದ್ಧರು ನೋಟುಬುಕ್ಕನ್ನು ಕನ್ನಡಕದೊಳಗಿಂದ ನೋಡಿ, ಭಾನುವಾರದ ಸಾಲಿನ ಮೇಲೆ ಬೆರಳಿಟ್ಟು ನಕ್ಕರು. ಮೀಟರಿನ ಮುಳ್ಳುಗಳನ್ನು ಪಿನ್ನಿಗೆ ಹಿಡಿದರು: 19.5. ತಂತಿಯನ್ನು ಬಾಗಿಸಿದರು: ಸೊನ್ನೆ. ಕೆಟ್ಟ ತುದಿಯನ್ನು ಕತ್ತರಿಸಿ ಹೊಸ ಪಿನ್ನಿನ ತಂತಿ ಬೆಸೆದುಕೊಟ್ಟರು. 250 ರೂಪಾಯಿ. ಬ್ಯಾಟರಿಯ ವರದಿ ತೆಗೆಯುವ ಒಂದು ಆಜ್ಞೆ ವಿಂಡೋಸಿನಲ್ಲಿಯೇ ಇದೆ. ತಯಾರಾದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಅದು ತೋರಿಸುತ್ತದೆ. ನಮ್ಮದು ಕಾಲು ಭಾಗಕ್ಕೆ ಇಳಿದಿತ್ತು. ಲಿಥಿಯಮ್ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ; ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂದಿತು. ಅಷ್ಟು ದೊಡ್ಡ ವಸ್ತುವಿಗೂ ಮುಪ್ಪು ತಪ್ಪಿದ್ದಲ್ಲ. ಬಳಸಿದರೆ ಬಳಕೆಯಿಂದ, ಬಳಸದಿದ್ದರೆ ವಯಸ್ಸಿನಿಂದ ಅದು ಸವೆಯುತ್ತದೆ. ಶಾಲೆ ಹೊಸ ಬ್ಯಾಟರಿಯನ್ನು ಕೊಂಡಿತು. ಹಳೆಯದನ್ನು ಕಸದ ಬುಟ್ಟಿಗೆ ಹಾಕಬೇಡಿ, ಚುಚ್ಚಿದರೆ ಬೆಂಕಿ ಹೊತ್ತೀತು ಎಂದು ಎಚ್ಚರಿಸಿ ವೃದ್ಧರೇ ಇರಿಸಿಕೊಂಡರು.

ನಮ್ಮ ವಿದ್ಯಾರ್ಥಿಗಳ ಮನೆಯಲ್ಲಿಯೂ ಈಗ ಇಂತಹ ಯಂತ್ರಗಳು ಬರುತ್ತಿವೆ. ಅವರಿಗೆ ಉಪಯೋಗವಾಗಲೆಂದು ಕ್ರಮವನ್ನು ಚಿಕ್ಕದಾಗಿ ಹೇಳುತ್ತೇವೆ. ಎದ್ದಿರುವಾಗಲೇ ಬರೆದದ್ದರ ಪ್ರತಿ ಮಾಡಿಟ್ಟುಕೊಳ್ಳಿರಿ. ಏಳದಿದ್ದಾಗ ದೀಪ ನೋಡಿ, ಸದ್ದು ಕೇಳಿ. ಎಲ್ಲವೂ ಸ್ತಬ್ಧವಾಗಿದ್ದರೆ ಗೋಡೆಯ ಪ್ಲಗ್ಗಿನಿಂದ ಆರಂಭಿಸಿ ಯಂತ್ರದ ಕಡೆಗೆ ಒಂದೊಂದೇ ಹೆಜ್ಜೆ ಬನ್ನಿರಿ. ಅದೇ ವೋಲ್ಟಿನ, ಅದೇ ಪಿನ್ನಿನ, ಆಂಪಿಯರು ಕಡಿಮೆಯಿಲ್ಲದ ಬೇರೊಂದು ಚಾರ್ಜರನ್ನು ಎರವಲು ತಂದು ಚುಚ್ಚಿ ನೋಡಿರಿ. ನಾವು ಮೊದಲ ದಿನವೇ ಇದನ್ನು ಮಾಡಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಮದರ್‌ಬೋರ್ಡಿನ ಹೆಸರು ಎಲ್ಲಕ್ಕಿಂತ ಕೊನೆಗೆ ಬರಲಿ. ಮನುಷ್ಯರ ಹೆಸರು ಅದಕ್ಕಿಂತಲೂ ಕೊನೆಗೆ.

ಯಂತ್ರದ ಕಥೆ ಇಲ್ಲಿಗೆ ಮುಗಿಯಿತು. ಎಲ್ಲರ ಎದುರಿಗೆ ಕೇಳಿದ ಪ್ರಶ್ನೆಯ ತಪ್ಪನ್ನು ಎಲ್ಲರ ಎದುರಿಗೇ ಒಪ್ಪಿಕೊಳ್ಳಬೇಕಾಗಿತ್ತು. ಸೋಮವಾರ ಒಂಬತ್ತನೆಯ ತರಗತಿಗೆ ಹೋಗಿ, ನೋಟುಬುಕ್ಕನ್ನು ತೆರೆದು, ಹತ್ತು ಸಾಲುಗಳನ್ನು ಓದಿ, ತಪ್ಪು ತಂತಿಯದೆಂದೂ ಅದಕ್ಕಿಂತ ದೊಡ್ಡ ತಪ್ಪು ನಮ್ಮದೆಂದೂ ಹೇಳಿದೆವು. ಮೆಟ್ಟಿಲ ಮೇಲೆ ಜಾರಿದ ದಿನ ಅವನು ಚೀಲವನ್ನು ಎದೆಗವಚಿಕೊಂಡು ಕುಳಿತಂತೆಯೇ ಬಿದ್ದು ಮೊಣಕೈ ತರಚಿಕೊಂಡಿದ್ದನೆಂಬುದನ್ನು ಆಗ ಅವನ ಗೆಳೆಯರು ಹೇಳಿದರು. ಆ ಪಟ್ಟಿಯನ್ನು ಅವನ ಕೈಮೇಲೆ ನಾವು ನೋಡಿದ್ದೆವು. ಏನಾಯಿತೆಂದು ಕೇಳಿರಲಿಲ್ಲ.

ಹುಡುಗ ನೆಲ ನೋಡುತ್ತ, “ಇರ್ಲಿ ಬಿಡ್ರಿ ಸರ” ಎಂದ. ಅವನ ಮನಸ್ಸು ಪೂರ್ತಿ ತಿಳಿಯಾಯಿತೆಂದು ಹೇಳುವ ಧೈರ್ಯ ನಮಗಿಲ್ಲ. ಆ ವಾರವಿಡೀ ಅವನು ಸಂಜೆ ಬರಲಿಲ್ಲ. ಮುಂದಿನ ವಾರ ಒಂದು ದಿನ ಬಂದು, ಕೇಳದೆಯೇ ಕುಳಿತು, ತಂತಿಯನ್ನು ಒಮ್ಮೆ ನೇರಮಾಡಿ, ಗುಂಡಿಯೊತ್ತಿದ. ಯಂತ್ರ ಎದ್ದಿತು. ಅರ್ಧಕ್ಕೆ ನಿಂತಿದ್ದ ತನ್ನ ಲೇಖನವನ್ನು ತೆರೆದು ಮುಂದುವರಿಸಿದ.

ಆ ಲೇಖನ ಈ ಸಂಚಿಕೆಯಲ್ಲಿಯೇ ಇದೆ. ಯಾವುದೆಂದು ನಾವು ಹೇಳುವುದಿಲ್ಲ. ಎಲ್ಲವನ್ನೂ ಓದಿರಿ.